ಮೂವತ್ತೆರಡು ಹಲ್ಲಿನ ಗೇರು ಪೆಟ್ಟಿಗೆ

ತಾರೀಖು 14, ಸೋಮವಾರ, ಬೆಳಿಗ್ಗೆ 10-40ಕ್ಕೆ ದೂರುದಾರ ಠಾಣೆಯೊಳಗೆ ಬಂದ. ಬಂದವನು ಬೆಂಚಿನ ಮೇಲೆ ಕೂರಲಿಲ್ಲ. ಕರವಸ್ತ್ರ ತೆಗೆದು ಬೆಂಚು ಒರೆಸಿದ, ಆಮೇಲೂ ಕೂರಲಿಲ್ಲ. ಊರವರು ಅವನನ್ನು ಕಾರು ಸಾಹುಕಾರ ಎನ್ನುತ್ತಾರೆ. ಹನ್ನೊಂದು ಹಳೆಯ ಕಾರುಗಳಿವೆ. ಒಂದನ್ನೂ ಓಡಿಸಲು ಅವನಿಗೆ ಬರುವುದಿಲ್ಲ.

"ಏನು ಕಳುವಾಗಿದೆ?" ಇನ್‌ಸ್ಪೆಕ್ಟರ್ ಮೇಡಂ ಕೇಳಿದರು.

"ಗೇರ್ ಬಾಕ್ಸು. ಎಪ್ಪತ್ತು ವರ್ಷದ ಹಿಂದಿನ ಕಾರಿಂದು. ನಾಲ್ಕು ಗೇರು, ಕೈಯಲ್ಲಿ ಹಾಕೋದು. ಅಂಥದ್ದು ಪ್ರಪಂಚದಲ್ಲಿ ಆರೋ ಏಳೋ ಉಳಿದಿರಬಹುದು."

"ಬೆಲೆ?"

"ಮೂವತ್ತೆಂಟು ಲಕ್ಷ."

ಬರೆದುಕೊಳ್ಳುತ್ತಿದ್ದ ಸ್ಟೇಷನ್ ರೈಟರ್ ಪೆನ್ನು ನಿಲ್ಲಿಸಿದ. "ಕಾರು ಸೇರಿಸಿ ತಾನೇ ಸಾರ್?"

"ಕಾರು ಬೇರೆ," ಎಂದ ಸಾಹುಕಾರ, ಕೋಣನ ಮುಂದೆ ಕಿನ್ನರಿ ಬಾರಿಸಿ ಸಾಕಾದವನ ಹಾಗೆ.

ಬೆಲೆ ಕಟ್ಟಿದವನು ಒಬ್ಬ ಮೌಲ್ಯಮಾಪಕ. 10ನೇ ತಾರೀಖು ಗುರುವಾರ ಬಂದು ನೋಡಿ, ನಲವತ್ತು ಪುಟದ ವರದಿ ಕೊಟ್ಟಿದ್ದ. ಈ ಗುರುವಾರ, 17ಕ್ಕೆ, ಕೊಳ್ಳುವವನು ಬರುವುದಿತ್ತು. ಸಾಹುಕಾರ ಚರ್ಮದ ರಟ್ಟಿನ ಆ ವರದಿಯನ್ನು ಮೇಜಿನ ಮೇಲಿಟ್ಟ.

"ಗುರುತು ಹೇಳಿ."

"ಎರಕದ ನಂಬರಿದೆ. ಆಮೇಲೆ ಒಂದು ಸದ್ದು. ಎರಡನೇ ಗೇರಲ್ಲಿ ತಿರುಗಿಸಿದ್ರೆ ಟಕ್... ಟಕ್... ಟಕ್, ಗಡಿಯಾರದ ಹಾಗೆ. ನಮ್ಮ ತಂದೆಯವರ ಕಾಲದಿಂದಲೂ ಇದೆ. ಹದಿನೇಳನೇ ಪುಟ ನೋಡಿ."

ಮೇಡಂ ಹದಿನೇಳನೇ ಪುಟ ತೆಗೆದು ಜೋರಾಗಿ ಓದಿದರು. 'ಎರಡನೇ ಗೇರಿನ ಲಯಬದ್ಧ ಸದ್ದು ಕಾರ್ಖಾನೆಯ ಸಹಿಯೇ ಆಗಿದ್ದು, ಒಳಭಾಗಗಳೆಲ್ಲ ಮೂಲದವು ಎಂಬುದಕ್ಕೆ ಸಾಕ್ಷಿ.' ಓದಿ ರೈಟರ್ ಕಡೆ ತಿರುಗಿದರು. "ಸದ್ದನ್ನೂ ಬರ್ಕೊಳ್ರೀ."

"ಟಕ್ ಅಂತ ಬರೀಲಾ ಮೇಡಂ?"

"ಟಕ್ ಅಂತಾನೇ ಬರೀರಿ. ಕಳುವು ಯಾವಾಗ ಆಯ್ತು ಸಾಹುಕಾರ್ರೇ?"

ಇಲ್ಲಿ ಸಾಹುಕಾರನ ದನಿ ಇಳಿಯಿತು. ಯಾವಾಗ ಆಯಿತೆಂದು ಅವನಿಗೆ ಗೊತ್ತಿರಲಿಲ್ಲ. ಗುರುವಾರ ಮೇಜಿನ ಮೇಲೆ ಮಖಮಲ್ಲು ಹೊದಿಸಿಟ್ಟಿದ್ದ. ಶನಿವಾರ, ಭಾನುವಾರ ನೆಂಟರಿಷ್ಟರು, ದೊಡ್ಡ ಮನುಷ್ಯರು ಬಂದು ನೋಡಿದ್ದರು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದರು. ಒಬ್ಬ ನಿವೃತ್ತ ಪ್ರೊಫೆಸರ್ ಅದನ್ನು ಸವರಿ, ಆ ಕಾಲದ ಕಬ್ಬಿಣವೇ ಬೇರೆ ಎಂದಿದ್ದ. ಈ ದಿನ ಬೆಳಿಗ್ಗೆ ಧೂಳು ಒರೆಸಲು ಹೋದ ಡ್ರೈವರ್ ಮಖಮಲ್ಲು ಎತ್ತಿ ನೋಡಿ, "ಸಾಹುಕಾರ್ರೇ, ಇದು ಟೆಂಪೋದು," ಅಂದ.

ಠಾಣೆಯಲ್ಲಿ ಯಾರೂ ನಗಲಿಲ್ಲ. ದಫೇದಾರ ಮಾತ್ರ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಬಂದ.

"ಡ್ರೈವರ್ನೇ ಕದ್ದಿದ್ದಾನೆ ಮೇಡಂ. ಇಲ್ಲದಿದ್ರೆ ಅವನಿಗೆ ಹೇಗೆ ಗೊತ್ತಾಗಬೇಕು?"

"ನಿಮಗೆ ಹೇಗೆ ಗೊತ್ತಾಗಲಿಲ್ಲ?"

11-15ಕ್ಕೆ ಎಫ್‌ಐಆರ್ ದಾಖಲಾಯಿತು. ಸಾಹುಕಾರ ಓದಿ ನೋಡಿ ಸಹಿ ಹಾಕಿದ, ಟಕ್ ಸಮೇತ.

ಮಧ್ಯಾಹ್ನ 12-10ಕ್ಕೆ ಸ್ಥಳ ಪಂಚನಾಮೆ. ಕಾರು ನಿಲ್ಲಿಸುವ ಷೆಡ್ಡು ಆಸ್ಪತ್ರೆಗಿಂತ ಚೊಕ್ಕಟವಾಗಿತ್ತು. ಮುಖ ಕಾಣುವ ನೆಲ, ಕಾರಿಗೊಂದು ದೀಪ. ಕೆಲಸದವರ ಬಚ್ಚಲಿಗೆ ಬಾಗಿಲಿರಲಿಲ್ಲ, ಗೋಣಿತಾಟು ಇಳಿಬಿಟ್ಟಿತ್ತು. ಇನ್‌ಸ್ಪೆಕ್ಟರ್ ಎರಡನ್ನೂ ನೋಡಿದರು.

ಡ್ರೈವರನನ್ನು ಕರೆದರು. ಐವತ್ತು ದಾಟಿದವನು, ಚಪ್ಪಲಿ ಹೊರಗೆ ಬಿಟ್ಟು ಬಂದ.

"ಟೆಂಪೋದು ಅಂತ ಹೇಗೆ ಹೇಳಿದೆ?"

"ಹದಿನೈದು ವರ್ಷ ಟೆಂಪೋ ಓಡಿಸಿ ಹೊಟ್ಟೆ ಹೊರೆದಿದ್ದೀನಿ ಮೇಡಂ. ಕಣ್ಣು ಮುಚ್ಚಿ ಮುಟ್ಟಿದ್ರೂ ಗೊತ್ತಾಗುತ್ತೆ. ಇದಕ್ಕೆ ಐದು ಗೇರು, ಅದಕ್ಕೆ ನಾಲ್ಕು. ಹೆಂಡ್ತಿ ಬದಲಾಗಿದ್ರೂ ಎರಡು ದಿನ ಗೊತ್ತಾಗದೆ ಇರೋವ್ರು ಇರ್ತಾರೆ, ಏನ್ಮಾಡೋದು."

"ಬಾಯಿ ಮುಚ್ಚೋ," ಎಂದ ಸಾಹುಕಾರ.

"ಅವನು ಸಾಕ್ಷಿ. ಬಾಯಿ ತೆಗೀಲಿ," ಎಂದರು ಮೇಡಂ.

ಒಂದು ಗಂಟೆಗೆ ಮೌಲ್ಯಮಾಪಕ ಬಂದ. ಬಿಳಿ ಕೈಗವಸು ಹಾಕಿಕೊಂಡಿದ್ದ. ಪೊಲೀಸರ ಎದುರೂ ತೆಗೆಯಲಿಲ್ಲ.

"ಕಳುವಾದದ್ದು ಮೂಲದ್ದೇ ಅಂತ ಹೇಗೆ ಗುರುತು ಹಿಡಿದ್ರಿ?"

"ಎರಕದ ನಂಬರು ಕಂಪನಿ ಪುಸ್ತಕಕ್ಕೆ ತಾಳೆ ಆಗ್ಬೇಕು. ಬೋಲ್ಟಿನ ತಲೆ, ಮುಚ್ಚಳದ ಅಂಚು, ಹಳೇ ಬಣ್ಣ, ಎಲ್ಲ ನೋಡಬೇಕು. ಕೈಯಲ್ಲಿ ತಿರುಗಿಸಿ ಸದ್ದು ಕೇಳಬೇಕು. ಇಪ್ಪತ್ತಾರು ವರ್ಷದ ಅನುಭವ ಬೇಕು."

"ಮುಚ್ಚಳ ಬಿಚ್ಚಿ ಒಳಗೆ ನೋಡಿದ್ರಾ?"

"ಬಿಚ್ಚಬಾರದು ಮೇಡಂ. ಬೋಲ್ಟಿನ ಮೇಲಿನ ಹಳೇ ಬಣ್ಣ ಒಡೆದ್ರೆ ಬೆಲೆ ಅರ್ಧ ಆಗುತ್ತೆ."

"ಹಾಗಾದ್ರೆ ಒಳಗೆ ಏನಿದೆ ಅಂತ ನಿಮಗೆ ಗೊತ್ತಿಲ್ಲ."

"ಗೊತ್ತಿಲ್ಲದೆ ಏನು? ಪುಸ್ತಕದಲ್ಲಿದೆ. ಎರಡನೇ ಗೇರಿಗೆ ಮೂವತ್ತೊಂದು ಹಲ್ಲು, ಅದರ ಜೋಡಿಗೆ ಇಪ್ಪತ್ತೊಂದು."

ದಫೇದಾರನಿಗೆ ತಡೆಯಲಾಗಲಿಲ್ಲ. "ದನ ಕೊಳ್ಳೋನೂ ಬಾಯಿ ಬಿಡಿಸಿ ಹಲ್ಲು ನೋಡ್ತಾನೆ ಸ್ವಾಮಿ. ನೀವು ನೀರಲ್ಲಿರೋ ಎಮ್ಮೆಗೆ ಮೂವತ್ತೆಂಟು ಲಕ್ಷ ಕಟ್ಟಿದ್ರಲ್ಲ!"

"ಗುರುವಾರ ಇಲ್ಲಿ ಯಾರ್ಯಾರಿದ್ರು?" ಮೇಡಂ ಕೇಳಿದರು.

"ನಾನು, ಸಾಹುಕಾರ್ರು. ಇಬ್ಬರೇ."

"ಫಿಟ್ಟರಣ್ಣ ದೀಪ ಹಿಡ್ಕೊಂಡಿದ್ದ," ಎಂದ ಡ್ರೈವರ್.

"ಅವನು ದೀಪ ಹಿಡಿದಿದ್ದ, ಅಷ್ಟೆ," ಎಂದ ಮೌಲ್ಯಮಾಪಕ. ಮೂರು ತಾಸು ತನ್ನ ಮೂಗಿನ ಪಕ್ಕ ನಿಂತಿದ್ದ ಮನುಷ್ಯ ಅವನ ಎಣಿಕೆಗೆ ಬಂದಿರಲಿಲ್ಲ. ಆ ಕೋಣೆಯಲ್ಲಿ ಕಂಬಗಳೂ ಇದ್ದವು, ಅವನ್ನೂ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಫಿಟ್ಟರ್ ಎಲ್ಲಿ?"

"ಶನಿವಾರದಿಂದ ರಜೆ. ಅಮ್ಮನಿಗೆ ಹುಷಾರಿಲ್ವಂತೆ," ಎಂದ ಸಾಹುಕಾರ. "ಅವನ ಮೇಲೆ ಅನುಮಾನ ಬೇಡ ಮೇಡಂ. ಅವನಿಗೆ ಅಷ್ಟು ತಲೆ ಎಲ್ಲಿದೆ?"

ಫಿಟ್ಟರನ ಊರಿನ ವಿಳಾಸ ಕೇಳಿದರೆ ಗೊತ್ತಿಲ್ಲ ಎಂದ. ಒಂಬತ್ತು ವರ್ಷದಿಂದ ಕೆಲಸಕ್ಕಿದ್ದ.

ಪಂಚನಾಮೆಯಲ್ಲಿ ಸಿಕ್ಕಿದ ಸುಳಿವು ಒಂದೇ. ಆ ಕನ್ನಡಿಯಂಥ ನೆಲ ಮುಗಿದು ಅಂಗಳದ ಸಿಮೆಂಟು ಶುರುವಾಗುವ ಕಡೆಯಿಂದ ಕಪ್ಪು ಎಣ್ಣೆಯ ಹನಿಗಳು, ಗೇಣಿಗೊಂದರಂತೆ. ಪಕ್ಕದಲ್ಲಿ ಕೈಗಾಡಿಯ ಚಕ್ರದ ಗೆರೆ. ಗೇಟು ದಾಟಿ ಹನಿಗಳು ಬಲಕ್ಕೆ ತಿರುಗಿದ್ದವು. ಬಲಕ್ಕೆ ಹೋದರೆ ಪಾರ್ಸೆಲ್ ಲಾರಿ ಆಫೀಸುಗಳ ಬೀದಿ, ಮೂರು ಆಫೀಸು. ಸಂಜೆ ನಾಲ್ಕರಿಂದ ಆರರವರೆಗೆ ದಫೇದಾರ ಮೂರರಲ್ಲೂ ರಿಜಿಸ್ಟರ್ ನೋಡಿ, ಶುಕ್ರವಾರದಿಂದ ಭಾನುವಾರದವರೆಗಿನ ಬುಕಿಂಗ್ ನಕಲು ಮಾಡಿಕೊಂಡು ಬಂದ. ಗೇರ್ ಬಾಕ್ಸ್ ಎಂಬ ಬುಕಿಂಗ್ ಇಲ್ಲವೆಂದು ವರದಿ ಕೊಟ್ಟ.

15ನೇ ತಾರೀಖು ಮಂಗಳವಾರ, ಬೆಳಿಗ್ಗೆ 9-30. ಮೇಡಂ ಆ ನಕಲನ್ನು ಬೆರಳಿಟ್ಟು ಓದುತ್ತ ಬಂದವರು ಒಂದು ಕಡೆ ನಿಂತರು.

"ದಫೇದಾರ್ರೇ, ಇದೇನು? 'ಗೇರು ಪೆಟ್ಟಿಗೆ ಒಂದು, ನಲವತ್ತಾರು ಕಿಲೋ.'"

"ಅದು ಗೋಡಂಬಿ ಮೇಡಂ. ಗೇರುಬೀಜ."

"ಪೆಟ್ಟಿಗೆ ಅಳತೆ ಒಂದೂವರೆ ಅಡಿ ಅಂತ ಇದೆ. ಅಷ್ಟರಲ್ಲಿ ನಲವತ್ತಾರು ಕಿಲೋ ಗೋಡಂಬಿ ಹಿಡಿಸುತ್ತಾ?"

"ಒತ್ತಿ ತುಂಬಿರಬಹುದು ಮೇಡಂ."

"ಷರಾ ಕಾಲಂ ಓದಿ."

ದಫೇದಾರ ತಾನೇ ಬರೆದದ್ದನ್ನು ತಾನೇ ಓದಿದ. "'ಎಣ್ಣೆ ಸೋರಿ ಪಕ್ಕದ ಬಟ್ಟೆ ಗಂಟಿಗೆ ಕಲೆ. ಗಿರಾಕಿ ಜಗಳ.'" "ಗೇರುಬೀಜದ ಸಿಪ್ಪೇಲೂ ಕಪ್ಪು ಎಣ್ಣೆ ಇರುತ್ತಲ್ಲ ಮೇಡಂ," ಅಂದ.

"ಹೌದು. ಕೈಗಾಡಿಯಿಂದ ಹನಿ ಹನಿ ಸೋರುತ್ತಾ?"

ದಫೇದಾರ ಟೋಪಿ ತೆಗೆದು ತಲೆ ಕೆರೆದುಕೊಂಡ. ಬುಕಿಂಗ್ ಆಗಿದ್ದು ಶುಕ್ರವಾರ 11ನೇ ತಾರೀಖು ಮಧ್ಯಾಹ್ನ 2-15ಕ್ಕೆ. ಕಳಿಸಿದವರು: ಮಗ. ಪಡೆಯುವವರು: ಅರದ ಮೇಸ್ತ್ರಿ, ಲೇತಿನ ಬೀದಿ, ಎರಡು ತಾಸು ದೂರದ ಊರು. ಅಲ್ಲಿನ ಠಾಣೆಗೆ ಫೋನು ಮಾಡಿದರೆ, ಅರದ ಮೇಸ್ತ್ರಿ ತೀರಿಕೊಂಡು ಮೂರು ವರ್ಷವಾಯಿತು, ಹೆಂಡತಿ ಇದ್ದಾಳೆ, ಮಗ ಯಾರೋ ಕಾರು ಸಾಹುಕಾರನ ಹತ್ತಿರ ಫಿಟ್ಟರ್, ಎಂಬ ಉತ್ತರ ಬಂತು. ಕಳ್ಳ ಒಂದಕ್ಷರ ಸುಳ್ಳು ಬರೆದಿರಲಿಲ್ಲ. ಕನ್ನಡದಲ್ಲಿ ಬರೆದಿದ್ದ, ಅಷ್ಟೆ.

16ನೇ ತಾರೀಖು ಬುಧವಾರ, ಬೆಳಿಗ್ಗೆ 9-50ಕ್ಕೆ ಜೀಪು ಲೇತಿನ ಬೀದಿಗೆ ಬಂತು. ಹಿಂದೆ ಸಾಹುಕಾರನ ಕಾರಿನಲ್ಲಿ ಸಾಹುಕಾರ, ಮೌಲ್ಯಮಾಪಕ. ಮಾಲು ಗುರುತಿಸಲು ಇಬ್ಬರೂ ಬೇಕಿತ್ತು. ಬೀದಿಯ ಎರಡೂ ಕಡೆ ಕಬ್ಬಿಣ ಕೊರೆಯುವ ಕಿರುಚು. ಮೌಲ್ಯಮಾಪಕ ಮೂಗಿಗೆ ಕರವಸ್ತ್ರ ಹಿಡಿದ. ಎಣ್ಣೆ, ಕಬ್ಬಿಣದ ಪುಡಿ, ಬೆವರು. ಅವನು ವರದಿಯಲ್ಲಿ 'ಆ ಕಾಲದ ಸುವಾಸನೆ' ಎಂದು ಬರೆದದ್ದು ಇದನ್ನೇ.

ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಹೊಸಿಲಲ್ಲಿ ಮುದುಕಿ ಕೂತಿದ್ದಳು.

"ಬಂದ್ರಾ? ಇವನು ಸೋಮವಾರದಿಂದ ಕಾಯ್ತಿದಾನೆ. ಸಾರಿಗೆ ಉಪ್ಪು ಹಾಕಿದೀನೋ ಇಲ್ವೋ ಅನ್ನೋದೂ ಅವನಿಗೆ ಗೊತ್ತಾಗ್ತಿಲ್ಲ."

ಫಿಟ್ಟರ್ ಒಳಗಿಂದ ಎದ್ದು ನಿಂತ. ಓಡಲಿಲ್ಲ. ನಲವತ್ತರ ಹತ್ತಿರದ ಆಳು, ಉಗುರಿನ ಸಂದಿ ಕಪ್ಪು. ಬೆಂಚಿನ ಮೇಲೆ ಗೋಣಿ ಹಾಸಿ ಪೆಟ್ಟಿಗೆ ಇಟ್ಟಿದ್ದ.

"ನೀನೇ ತಂದಿದ್ದಾ?"

"ನಾನೇ."

"ಹೇಗೆ ತಂದೆ?"

"ಶುಕ್ರವಾರ ಮಟಮಟ ಮಧ್ಯಾಹ್ನ. ಗುಜರಿಯಿಂದ ಟೆಂಪೋ ಪೆಟ್ಟಿಗೆ ಕೈಗಾಡೀಲಿ ಒಳಗೆ ತಂದೆ, ಇದನ್ನ ಹೊರಗೆ ತಗೊಂಡು ಹೋದೆ. ಸಾಹುಕಾರ್ರು ಅಲ್ಲೇ ಫೋನಲ್ಲಿದ್ರು. 'ಕಬ್ಬಿಣ ದಾರಿಗಡ್ಡ ಇಡಬೇಡ್ವೋ' ಅಂದ್ರು. ಹೂಂ ಅಂದೆ."

"ಬಿಚ್ಚಿದ್ಯಾ?"

"ಇಲ್ಲ ಮೇಡಂ. ಬಿಚ್ಚಿದ್ರೆ ಒಳಗಿಂದು ನಾನೇ ಬದಲಾಯಿಸಿದೆ ಅಂತಾರೆ. ನೀವೇ ಬಿಚ್ಚಬೇಕು, ಪಂಚರ ಎದುರು."

ಎದುರು ಮನೆಯ ದರ್ಜಿ, ಪಕ್ಕದ ಸೈಕಲ್ ಅಂಗಡಿಯವನು ಪಂಚರಾಗಿ ಬಂದರು. ಮೊದಲು ಗುರುತಿಸುವ ಕೆಲಸ. ಮೌಲ್ಯಮಾಪಕ ನಂಬರು ನೋಡಿದ, ಭೂತಗನ್ನಡಿಯಲ್ಲಿ ಬೋಲ್ಟುಗಳನ್ನು ಒಂದೊಂದಾಗಿ ನೋಡಿದ. ಮುಖ ಅರಳಿತು. "ಬಣ್ಣ ಒಡೆದಿಲ್ಲ. ಗುರುವಾರ ಹೇಗಿತ್ತೋ ಹಾಗೇ ಇದೆ. ಅದೇ ಬಾಕ್ಸು!"

"ನಮ್ಮದೇ, ನಮ್ಮದೇ," ಎಂದ ಸಾಹುಕಾರ. ಇಬ್ಬರ ಮಾತನ್ನೂ ರೈಟರ್ ಬರೆದುಕೊಂಡ. ಇಬ್ಬರೂ ಸಹಿ ಹಾಕಿದರು.

"ಎಫ್‌ಐಆರ್‌ನಲ್ಲಿ ಸದ್ದಿನ ಗುರುತು ಇದೆಯಾ ಮೇಡಂ?" ಫಿಟ್ಟರ್ ಕೇಳಿದ.

"ಇದೆ."

"ಹಾಗಾದ್ರೆ ಅದನ್ನೂ ತಾಳೆ ನೋಡ್ಬೇಕಲ್ವಾ? ಒಂದೇ ಕೇಳ್ಕೊಳ್ಳೋದು. ಮುಚ್ಚಳ ತೆಗೆದು ಎರಡನೇ ಗೇರಿನ ಹಲ್ಲು ಎಣಿಸಿ. ಎಣಿಸಿ ಬರೀರಿ. ಆಮೇಲೆ ಬೇಡಿ ಹಾಕಿ."

"ಬೇಡ, ಬಿಚ್ಚಬೇಡಿ!" ಸಾಹುಕಾರ ಮುಂದೆ ನುಗ್ಗಿದ. "ನಾಳೆ ಕೊಳ್ಳೋವ್ರು ಬರ್ತಾರೆ ಮೇಡಂ. ನಾನು ಗುರುತಿಸಿದೆನಲ್ಲ, ಇನ್ನೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ಇನ್‌ಸ್ಪೆಕ್ಟರ್ ಒಂದು ಗಳಿಗೆ ನೋಡಿದರು. ಆಮೇಲೆ ಸೈಕಲ್ ಅಂಗಡಿಯವನಿಗೆ, "ಬೋಲ್ಟ್ ಬಿಚ್ಚೋ ಪಾನಾ ತಗೊಂಡು ಬಾ," ಎಂದರು.

10-35ಕ್ಕೆ ಮುಚ್ಚಳ ಕಳಚಿ ಬಂತು. ದಫೇದಾರ ಸೀಮೆಸುಣ್ಣದಿಂದ ಒಂದು ಹಲ್ಲಿಗೆ ಗುರುತು ಮಾಡಿ, ಮೆಲ್ಲಗೆ ತಿರುಗಿಸುತ್ತ ಎಣಿಸಿದ. ದರ್ಜಿಯೂ ಜೊತೆಯಲ್ಲಿ ಬಾಯಿಬಿಟ್ಟು ಎಣಿಸಿದ. ಮೂವತ್ತು. ಮೂವತ್ತೊಂದು. ಸೀಮೆಸುಣ್ಣದ ಹಲ್ಲು ಇನ್ನೂ ಬಂದಿರಲಿಲ್ಲ. ಇನ್ನೊಂದು ಹಲ್ಲು ದಾಟಿತು.

"ಮೂವತ್ತೆರಡು."

"ತಪ್ಪು. ಮತ್ತೆ ಎಣಿಸಿ," ಎಂದ ಮೌಲ್ಯಮಾಪಕ.

ಮೂರು ಸಲ ಎಣಿಸಿದರು. ಮೂರನೇ ಸಲ ಅವನೇ ಕೈಗವಸು ಕಿತ್ತು ಎಸೆದು, ಬೆರಳಿಗೆ ಮಸಿ ಮಾಡಿಕೊಂಡು ಎಣಿಸಿದ. ಮೂವತ್ತೆರಡೇ. ಜೋಡಿಗೆ ಇಪ್ಪತ್ತು.

"ಕಂಪನೀಲಿ ಮೂವತ್ತೊಂದು ಮಾಡ್ತಾರೆ. ಅವರ ಹತ್ರ ಯಂತ್ರ ಇದೆ," ಎಂದ ಫಿಟ್ಟರ್. "ನಮ್ಮಪ್ಪನ ಹತ್ರ ಕಬ್ಬಿಣ ಉಜ್ಜೋ ಅರ ಇತ್ತು, ಕಾಗದ ಇತ್ತು."

ಒಂದು ಹಳೇ ಪೇಪರಿನ ಪಟ್ಟಿ ಹರಿದು ಗೇರಿನ ಸುತ್ತ ಸುತ್ತಿ, ಸುತ್ತಳತೆಗೆ ಸರಿಯಾಗಿ ಕತ್ತರಿಸಿದ. ಆಮೇಲೆ ಮಡಚಿದ. ಎರಡು. ನಾಲ್ಕು. ಎಂಟು. ಹದಿನಾರು. ಮೂವತ್ತೆರಡು. ಬಿಡಿಸಿ ತೋರಿಸಿದ. ಗೆರೆಗಳು ಸಾಲಾಗಿ ಕೂತಿದ್ದವು.

"ಅವರಿಗೆ ಲೆಕ್ಕ ಬರ್ತಿರಲಿಲ್ಲ ತಾಯಿ," ಎಂದಳು ಮುದುಕಿ ಹೊಸಿಲಿಂದ. "ಮಡಚೋದು ಬರ್ತಿತ್ತು. ಈ ಸಾಹುಕಾರನ ಅಪ್ಪ ಹಲ್ಲು ಮುರಿದ ಗೇರು ತಂದಾಗ, ಮೂವತ್ತೊಂದನ್ನ ಮಡಚೋಕಾಗಲ್ಲ ಕಣೇ ಅಂದ್ರು. ಒಂದು ಹಲ್ಲು ಜಾಸ್ತಿ ಇದ್ರೆ ಏರು ಸಲೀಸಾಗಿ ಹತ್ತುತ್ತೆ, ಯಾರಪ್ಪನ ಗಂಟು ಹೋಗುತ್ತೆ ಅಂದ್ರು. ಹನ್ನೊಂದು ದಿನ ಉಜ್ಜಿದ್ರು. ಇದ್ದಿಲಲ್ಲಿ ಕಾಯಿಸಿದ್ರು, ಎಣ್ಣೇಲಿ ಅದ್ದಿದ್ರು. ಅಂಗೈಯಲ್ಲಿ ಚರ್ಮ ಅನ್ನೋದೇ ಇರಲಿಲ್ಲ. ನಾನೇ ತುತ್ತು ಮಾಡಿ ಬಾಯಿಗಿಟ್ಟೆ."

ಫಿಟ್ಟರ್ ಒಂದು ಹಲ್ಲಿನ ಮೇಲೆ ಬೆರಳಿಟ್ಟ. "ಕಾಗದದ ಎರಡು ತುದಿ ಸೇರೋ ಜಾಗ ಇದು. ಇಲ್ಲಿ ಒಂದು ಕೂದಲಿನಷ್ಟು ದಪ್ಪ ಉಳಿದಿದೆ. ತಿರುಗಿಸಿ ನೋಡಿ."

ಮೇಡಂ ತಾವೇ ತಿರುಗಿಸಿದರು. ಟಕ್. ಒಂದು ಸುತ್ತು ಬಂತು. ಟಕ್.

"ಹದಿನೇಳನೇ ಪುಟ," ಎಂದರು ಮೇಡಂ. "ಕಾರ್ಖಾನೆಯ ಸಹಿ."

ಮೌಲ್ಯಮಾಪಕ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಸಾಹುಕಾರನ ಕಣ್ಣು ಬೀದಿಯ ಕಡೆಗಿತ್ತು. ಮುದುಕಿ ಅವನನ್ನೇ ನೋಡಿ ಹೇಳಿದಳು, "ನಿನಗೆ ಗೊತ್ತಿಲ್ವಾ ಸಾಹುಕಾರ? ಆಗ ನಿನಗೆ ಹತ್ತೋ ಹನ್ನೊಂದೋ. ನಿಮ್ಮಪ್ಪನ ಜೊತೆ ಬಂದು ಇದೇ ಹೊಸಿಲ ಮೇಲೆ ಕೂತ್ಕೊಂಡು ದಿನಾ ನೋಡ್ತಿದ್ದೆ. ಅರ ಉಜ್ಜೋ ಸದ್ದಿಗೆ ಹಲ್ಲು ಜುಮ್ಮನ್ನುತ್ತೆ ಅಂತ ಕಿವಿ ಮುಚ್ಕೊಳ್ತಿದ್ದೆ."

"ನೆನಪಿಲ್ಲ," ಎಂದ ಸಾಹುಕಾರ. ನೆನಪಿತ್ತು. ಬೋಳು ತಲೆಯ ತನಕ ಕೆಂಪೇರಿತ್ತು.

ಅವನಿಗೀಗ ಅತ್ತ ದರಿ, ಇತ್ತ ಪುಲಿ. ನನ್ನದಲ್ಲ ಎನ್ನುವ ಹಾಗಿಲ್ಲ, ಆಗಲೇ ಸಹಿ ಹಾಕಿದ್ದ. ನನ್ನದೇ ಎಂದರೆ ಮೂವತ್ತೆಂಟು ಲಕ್ಷ ಇದೇ ಬೀದಿಯ ಕಬ್ಬಿಣದ ಪುಡಿಗೆ ಸಮ. ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದು, ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ ಹೇಳಿದ. "ಬಿಟ್ಟುಬಿಡೋಣ ಮೇಡಂ. ಬಡವ, ಒಂಬತ್ತು ವರ್ಷ ನನ್ನ ಅನ್ನ ತಿಂದಿದ್ದಾನೆ. ದೂರು ವಾಪಸ್ ತಗೊಳ್ತೀನಿ. ಆ ಹಲ್ಲಿನ ವಿಷಯ ಒಂದು ಬರೀಬೇಡಿ."

ಫಿಟ್ಟರ್ ತಲೆ ಎತ್ತಿ ನೋಡಿದ. ಆ ಒಂದು ಸಾಲು ಬಿಟ್ಟುಕೊಟ್ಟರೆ ಮಧ್ಯಾಹ್ನದ ಊಟ ಅಮ್ಮನ ಜೊತೆ. ಕೋಣೆಯಲ್ಲಿದ್ದ ಎಲ್ಲರಿಗೂ ಅದು ಗೊತ್ತಾಯಿತು.

"ಬರೀರಿ ಮೇಡಂ," ಎಂದ ಅವನು.

"ಎಫ್‌ಐಆರ್ ನಿಮ್ಮ ಮನೆ ಮಖಮಲ್ಲಲ್ಲ, ಬೇಕಾದಾಗ ಹೊದಿಸಿ ಬೇಡದಾಗ ಎತ್ತೋಕೆ," ಎಂದರು ಮೇಡಂ ಸಾಹುಕಾರನಿಗೆ. "ಕಳ್ಳತನ ಕಳ್ಳತನವೇ. ಇವನನ್ನ ಬಿಡಲ್ಲ. ಹಲ್ಲನ್ನೂ ಬಿಡಲ್ಲ. ಈಗ ಬೆಲೆ ಹೇಳಿ ಮೌಲ್ಯಮಾಪಕರೇ, ಕಾಲಂ ತುಂಬಬೇಕು."

ಮೌಲ್ಯಮಾಪಕ ಕರವಸ್ತ್ರದಿಂದ ಬೆರಳು ಒರೆಸಿಕೊಂಡ. ಮಸಿ ಹೋಗಲಿಲ್ಲ. "ಈ ಸ್ಥಿತೀಲಿ... ಗುಜರಿ ಬೆಲೆ."

"ಗುರುವಾರವೂ ಇದೇ ಸ್ಥಿತೀಲಿತ್ತಲ್ಲ?"

ರೈಟರ್ ಎರಡನ್ನೂ ಬರೆದ. ದೂರುದಾರರ ಪ್ರಕಾರ ಮೂವತ್ತೆಂಟು ಲಕ್ಷ, ಮೌಲ್ಯಮಾಪಕರ ಈ ದಿನದ ಹೇಳಿಕೆ ಪ್ರಕಾರ ಗುಜರಿ. ಆಮೇಲೆ ಮೇಡಂ ಹೇಳಿ ಬರೆಸಿದರು: 'ಎರಡನೇ ಗೇರು, ಹಲ್ಲು ಮೂವತ್ತೆರಡು, ಜೋಡಿ ಇಪ್ಪತ್ತು. ಒಂದು ಹಲ್ಲು ಕೂದಲೆಳೆಯಷ್ಟು ದಪ್ಪ. ಕೈ ಅರದಿಂದ ಕತ್ತರಿಸಿದ್ದು. ಮಾಡಿದವರು, ಸಾಕ್ಷಿದಾರಳಾದ ಪತ್ನಿಯ ಹೇಳಿಕೆಯಂತೆ, ಅರದ ಮೇಸ್ತ್ರಿ.'

"ಜೋರಾಗಿ ಓದಪ್ಪ," ಎಂದಳು ಮುದುಕಿ. ರೈಟರ್ ಓದಿದ. ಅವಳು ಎರಡನೇ ಸಲ ಓದಿಸಿಕೊಂಡಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

11-50ಕ್ಕೆ ಫಿಟ್ಟರನನ್ನು ಬಂಧಿಸಲಾಯಿತು. ಬೇಡಿ ಹಾಕಲಿಲ್ಲ. ಪೆಟ್ಟಿಗೆಯನ್ನು ಜೀಪಿಗೆ ಎತ್ತಿಡಲು ದಫೇದಾರನ ಜೊತೆ ಅವನೇ ಕೈ ಹಾಕಿದ. "ಸೊಂಟ ಜೋಪಾನ ಅಣ್ಣ, ಗೋಡಂಬಿ ಭಾರ ಇದೆ," ಎಂದ. ರಿಜಿಸ್ಟರಿನ ಸಂಗತಿ ಅವನಿಗೆ ಯಾರು ಹೇಳಿದರೋ, ದಫೇದಾರ ರೈಟರ್ ಕಡೆ ಕೆಕ್ಕರಿಸಿ ನೋಡಿದ.

ಮಧ್ಯಾಹ್ನ ಮೂರಕ್ಕೆ ಠಾಣೆಯಲ್ಲಿ ಆರೋಪಿಯ ಹೇಳಿಕೆ ಪಡೆದರು. ಯಾಕೆ ಕದ್ದೆ ಎಂಬ ಪ್ರಶ್ನೆಗೆ ಅವನು ಹೇಳಿದ್ದನ್ನು ರೈಟರ್ ಸರಿಪಡಿಸದೆ ಬರೆದುಕೊಂಡ.

"ಮಾರೋಕಲ್ಲ. ಗುರುವಾರ ದೀಪ ಹಿಡ್ಕೊಂಡು ನಿಂತಿದ್ದಾಗ, ಸಾರ್, ಎರಡನೇ ಗೇರು ನಮ್ಮಪ್ಪ ಮಾಡಿದ್ದು, ಅದನ್ನೂ ಒಂದು ಕಡೆ ಬರೀರಿ ಅಂದೆ. ಅವರು ನಕ್ಕು, ನಿಮ್ಮಪ್ಪ ಬಾಗಿಲ ಚಿಲಕ ಮಾಡಿರಬೇಕು ಅಂದ್ರು. ಸಾಹುಕಾರ್ರಿಗೆ ಗೊತ್ತಿತ್ತು. ಅವರೂ ನಕ್ಕರು. ದೀಪ ಸರಿಯಾಗಿ ಹಿಡಿಯೋ ಅಂದ್ರು. ನಲವತ್ತು ಪುಟ ಬರೆದ್ರು ಮೇಡಂ, ನಮ್ಮಪ್ಪನಿಗೆ ಒಂದು ಸಾಲು ಸಿಗಲಿಲ್ಲ. ಮಾರಿ ಹೋದ್ರೆ ಗಾಜಿನ ಪೆಟ್ಟಿಗೆ ಸೇರುತ್ತೆ, ಆಮೇಲೆ ಯಾರೂ ಬಿಚ್ಚಲ್ಲ. ಪೊಲೀಸ್ರಾದ್ರೆ ಬರೀತಾರೆ. ಕದ್ದ ಮಾಲಿನ ಗುರುತು ಬರೀಲೇಬೇಕಲ್ಲ."

ವಶಪಡಿಸಿಕೊಂಡ ಮಾಲು ಇಡುವ ಮುದ್ದೆಮಾಲು ಕೋಣೆಯ ಕಬ್ಬಿಣದ ಕಪಾಟಿನಲ್ಲಿ ಪೆಟ್ಟಿಗೆ ಇಟ್ಟು, ರೈಟರ್ ಚೀಟಿ ಕಟ್ಟಿದ. ಚೀಟಿಯಲ್ಲಿ ಕೇಸಿನ ನಂಬರು, ತೂಕ, ತಾರೀಖು, ಮಾಡಿದವರ ಹೆಸರು. ಸಾಹುಕಾರ ಅದನ್ನು ಬಿಡಿಸಿಕೊಳ್ಳಲು ಅರ್ಜಿ ಹಾಕಿಲ್ಲ.